ಸ್ನೋಮೊಬೈಲ್ ಕ್ಲಚ್ ಟ್ಯೂನ್ ಮಾಡುವಾಗ ಮೊದಲು ಏನು ನೋಡಬೇಕು?

ಫುಲ್ ಥ್ರಾಟಲ್ ಕೊಟ್ಟರೂ ಹಿಮದ ಮೇಲೆ ಓಡುವ ಈ ಗಾಡಿ ಎಳೆಯುತ್ತಿಲ್ಲ ಅಂದಿದ್ದೀರಿ. ಮೊದಲು ಎರಡು ಕ್ಲಚ್‌ಗಳನ್ನು (ಎಂಜಿನ್ ಕಡೆಯ ಪ್ರೈಮರಿ, ಟ್ರ್ಯಾಕ್ ಕಡೆಯ ಸೆಕೆಂಡರಿ) ಜೋಡಿಸುವ ಬೆಲ್ಟ್ ನೋಡಿ. ಸವೆದ ಬೆಲ್ಟ್ ಇಟ್ಟುಕೊಂಡು ದಯವಿಟ್ಟು ಟ್ಯೂನ್ ಮಾಡಬೇಡಿ, ಲೆಕ್ಕವೆಲ್ಲ ತಪ್ಪುತ್ತದೆ.

ಆಮೇಲೆ ಆರ್‌ಪಿಎಂ, ಅಂದರೆ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅನ್ನೋದು. ನಿಮ್ಮ ಎಂಜಿನ್ ಯಾವ ಆರ್‌ಪಿಎಂನಲ್ಲಿ ಅತಿ ಜಾಸ್ತಿ ಶಕ್ತಿ ಕೊಡುತ್ತದೋ, ಫುಲ್ ಥ್ರಾಟಲ್‌ನಲ್ಲಿ ಮೀಟರ್‌ನ ಸೂಜಿ ಅಲ್ಲೇ ನಿಲ್ಲಬೇಕು. ಕೆಳಗಿದ್ದರೆ ಪ್ರೈಮರಿ ಕ್ಲಚ್‌ನ ವೇಟ್‌ಗಳು (ತಿರುಗುವಾಗ ಹೊರಕ್ಕೆ ಸರಿದು ಕ್ಲಚ್ ಬೆಲ್ಟನ್ನು ಹಿಡಿಯುವಂತೆ ಮಾಡುವ ತೂಕದ ತುಂಡುಗಳು) ಭಾರವಾದವು ಅಂತ ಅರ್ಥ, ಹಗುರವಾದವನ್ನು ಹಾಕಿ. ಸೂಜಿ ಮೇಲೆ ಹೋದರೆ ಭಾರ ಹೆಚ್ಚಿಸಿ. ಎತ್ತರದ ಬೆಟ್ಟದಲ್ಲಿ ಗಾಳಿ ತೆಳು, ಎಂಜಿನ್ ಶಕ್ತಿಯೂ ಇಳಿಯುತ್ತದೆ ಅಲ್ವಾ? ಅಲ್ಲಿ ಹಗುರ ವೇಟೇ ಸರಿ.

ಸೆಕೆಂಡರಿಯ ಸ್ಪ್ರಿಂಗ್, ಹೆಲಿಕ್ಸ್ (ಓರೆ ಇಳಿಜಾರಿನ ಭಾಗ) ಕೊನೆಗೆ ಮುಟ್ಟಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅದೇ ಹಿಮದಲ್ಲಿ ಮತ್ತೆ ಓಡಿಸಿ ನೋಡಿ. ಸುಮ್ನೆ ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಕೆಲಸ ಮಾಡಿತು ಅಂತ ಗೊತ್ತಾಗುವುದಿಲ್ಲ.