ಪೆಲೆಯನ್ನು ಎಲ್ಲಿ ಕೂರಿಸೋಣ?

ಓದುಗರ ಪತ್ರ: ಫುಟ್‌ಬಾಲ್ ಕ್ಲಬ್ ವಿಶ್ವಕಪ್ ಬಗ್ಗೆ ನೀವು ಬರೆದ ಲೇಖನದಲ್ಲಿ 1960ರ ದಶಕದ ಕತೆಯೇ ಜಾಸ್ತಿ. ಎರಡೇ ತಂಡ ಆಡಿದ್ದನ್ನು ವಿಶ್ವ ಚಾಂಪಿಯನ್‌ಶಿಪ್ ಅನ್ನುವುದು ಹೇಗೆ? 32 ತಂಡ ಆಡಿ ಚೆಲ್ಸಿ ಗೆದ್ದ 2025ರದ್ದೇ ನಿಜವಾದ ಮೊದಲ ಕಪ್ ಅಲ್ವಾ?

ಸಂಪಾದಕರ ಉತ್ತರ: ನಿಮ್ಮ ಮಾತಿನಲ್ಲಿ ನ್ಯಾಯ ಇಲ್ಲ ಅನ್ನುವುದಿಲ್ಲ. ನೀವು ಹೇಳುವ ಆ ಹಳೆಯ ಇಂಟರ್‌ಕಾಂಟಿನೆಂಟಲ್ ಕಪ್ ಆಡುತ್ತಿದ್ದದ್ದು ಯುರೋಪ್ ಮತ್ತು ದಕ್ಷಿಣ ಅಮೆರಿಕದ ಚಾಂಪಿಯನ್ನರು ಮಾತ್ರ. ಆಫ್ರಿಕಾ, ಏಷ್ಯಾದವರನ್ನು ಯಾರೂ ಕರೆಯಲಿಲ್ಲ. ಅದು ತಪ್ಪೇ. ಆದರೆ ಲೆಕ್ಕವನ್ನು 2025ರಿಂದ ಶುರು ಮಾಡಿದರೆ ಪೆಲೆಯನ್ನು ಎಲ್ಲಿ ಕೂರಿಸೋಣ, ಹೇಳಿ?

1962ರಲ್ಲಿ ಪೆಲೆಯ ತಂಡ ಸ್ಯಾಂಟೋಸ್ ರಿಯೊದ ಮರಕಾನಾ ಸ್ಟೇಡಿಯಂನಲ್ಲಿ ಪೋರ್ಚುಗಲ್‌ನ ಬೆನ್ಫಿಕಾವನ್ನು 3-2ರಿಂದ ಸೋಲಿಸಿತು. ಆಮೇಲೆ ಲಿಸ್ಬನ್‌ಗೆ ಹೋಯಿತು. ಎದುರಿಗೆ ಬೆನ್ಫಿಕಾದ ತಾರೆ ಯುಸೇಬಿಯೊ, ಸುತ್ತಲೂ ಅವರದೇ ಜನ. ಪೆಲೆ ಮೂರು ಗೋಲು ಹೊಡೆದರು. ಸ್ಯಾಂಟೋಸ್ ಐದು ಗೋಲು ಮುಂದಿದ್ದಾಗ, ಆಟ ಮುಗಿಯುವ ಹೊತ್ತಿಗೆ, ಬೆನ್ಫಿಕಾಗೆ ಎರಡು ಸಿಕ್ಕವು. ಇದನ್ನೂ ಸುಮ್ನೆ ಪ್ರದರ್ಶನ ಪಂದ್ಯ ಅನ್ನುತ್ತೀರಾ?

ಹೊಡೆದಾಟ ಇತ್ತು, ನಿಜ. 1967ರಲ್ಲಿ ಅರ್ಜೆಂಟೀನಾದ ಅವೆಲ್ಲನೇಡದಲ್ಲಿ, ಅಲ್ಲಿನ ರೇಸಿಂಗ್ ತಂಡದ ಎದುರು ಆಟ ಶುರುವಾಗುವ ಮೊದಲೇ ಸ್ಕಾಟ್ಲೆಂಡ್‌ನ ಸೆಲ್ಟಿಕ್ ಗೋಲ್‌ಕೀಪರ್ ತಲೆಗೆ ಏನೋ ಬಂದು ಬಡಿಯಿತು. ಮೊಂಟೆವಿಡಿಯೊದ ನಿರ್ಣಾಯಕ ಪಂದ್ಯದಲ್ಲಿ ರೇಸಿಂಗ್ ಗೆದ್ದಿತು, ರೆಫರಿ ರೆಡ್ ಕಾರ್ಡ್ ಇಲ್ಲದ ಕಾಲದಲ್ಲೂ ಹಲವರನ್ನು ಹೊರಗಟ್ಟಿದರು. ಇದೇ ನೆಪವಾಯಿತು ಯುರೋಪಿಗೆ. 1971 ಮತ್ತು 1973ರಲ್ಲಿ ಅಯಾಕ್ಸ್ ಬರಲಿಲ್ಲ, 1974ರಲ್ಲಿ ಬಯರ್ನ್ ಬರಲಿಲ್ಲ, 1977ರಲ್ಲಿ ಲಿವರ್‌ಪೂಲ್ ಬರಲಿಲ್ಲ. 1975 ಮತ್ತು 1978ರಲ್ಲಂತೂ ಕಪ್ಪೇ ನಡೆಯಲಿಲ್ಲ. 1980ರಲ್ಲಿ ಟೊಯೊಟಾ ದುಡ್ಡು ಹಾಕಿತು, ಟೋಕಿಯೊದಲ್ಲಿ ಒಂದೇ ಪಂದ್ಯ ಅಂತಾಯಿತು. ಆಗ ಎಲ್ಲರಿಗೂ ಬಿಡುವು ಸಿಕ್ಕಿತು ನೋಡಿ!

1981ರಲ್ಲಿ ಟೋಕಿಯೊಗೆ ಬಂದ ಲಿವರ್‌ಪೂಲ್ ಮೇಲೆ ಜೀಕೊ ಇದ್ದ ಬ್ರೆಜಿಲ್‌ನ ಫ್ಲಾಮೆಂಗೊ ಮೊದಲಾರ್ಧದಲ್ಲೇ ಮೂರು ಗೋಲು ಹೊಡೆದು ಕೂತಿತು. ಆ ಡಿಸೆಂಬರ್ ಬಗ್ಗೆ ಫ್ಲಾಮೆಂಗೊ ಅಭಿಮಾನಿಗಳು ಇವತ್ತಿಗೂ ಸ್ಟೇಡಿಯಂನಲ್ಲಿ ಹಾಡುತ್ತಾರೆ. 2012ರ ಕ್ಲಬ್ ವಿಶ್ವಕಪ್‌ಗೆ ಬ್ರೆಜಿಲ್‌ನ ಕೊರಿಂಥಿಯನ್ಸ್ ಹಿಂದೆ ಸಾವಿರಾರು ಜನ ಜಪಾನ್‌ವರೆಗೆ ಹೋದರು. ಗೆರೆರೊ ಹೊಡೆದ ಒಂದು ಗೋಲಿಗೆ ಚೆಲ್ಸಿ ಸೋತಿತು. ಹೌದು, ನಿಮ್ಮ ಚೆಲ್ಸಿಯೇ. ಅಂದಹಾಗೆ ಫಿಫಾ ಕೂಡ 2017ರಲ್ಲಿ ಹಳೆಯ ಕಪ್ ಗೆದ್ದವರನ್ನೆಲ್ಲ ವಿಶ್ವ ಚಾಂಪಿಯನ್ನರೆಂದು ಒಪ್ಪಿಕೊಂಡಿದೆ. ಫಿಫಾಗಿಂತ ನೀವೇ ಕಟ್ಟುನಿಟ್ಟು!

2000ದಲ್ಲಿ ಫಿಫಾ ಬ್ರೆಜಿಲ್‌ನಲ್ಲಿ ತನ್ನದೇ ಟೂರ್ನಿ, ಅಂದರೆ ಮೊದಲ ಕ್ಲಬ್ ವಿಶ್ವಕಪ್, ನಡೆಸಿತು, ಕೊರಿಂಥಿಯನ್ಸ್ ಪೆನಾಲ್ಟಿಯಲ್ಲಿ ಗೆದ್ದಿತು. ಮುಂದಿನದ್ದು ಮಾರ್ಕೆಟಿಂಗ್ ಕಂಪನಿ ಮುಳುಗಿದ್ದರಿಂದ ರದ್ದಾಯಿತು. 2005ರಿಂದ ಮತ್ತೆ ಶುರು. ಎಲ್ಲ ಖಂಡಗಳಿಗೂ ಜಾಗ ಸಿಕ್ಕಿದ್ದು ಈ ಹಂತದಲ್ಲೇ, 2025ರಲ್ಲಿ ಅಲ್ಲ. 2010ರಲ್ಲಿ ಕಾಂಗೋದ ಮಜೆಂಬೆ ಬ್ರೆಜಿಲ್‌ನ ಇಂಟರ್‌ನ್ಯಾಷನಲ್ ತಂಡವನ್ನು 2-0ರಿಂದ ಕೆಡವಿ ಫೈನಲ್‌ಗೆ ಹೋಯಿತು. ನನ್ನನ್ನು ಕೇಳಿದರೆ ಈ ಕಪ್‌ನ ಅತಿ ಒಳ್ಳೆಯ ರಾತ್ರಿ ಅದು. 2014ರಲ್ಲಿ ನ್ಯೂಜಿಲೆಂಡ್‌ನ ಆಕ್ಲೆಂಡ್ ಸಿಟಿ ಮೂರನೇ ಸ್ಥಾನ ಪಡೆಯಿತು.

ನನ್ನ ಸಿಟ್ಟು ನಿಮ್ಮ ಮೇಲಲ್ಲ. ದೊಡ್ಡ ಟಿವಿ ಒಪ್ಪಂದ ಬಂದ ದಿನವೇ ಆಟ ಹುಟ್ಟಿತು ಅಂತ ನಿಮಗೆ ಹೇಳಿಕೊಟ್ಟವರ ಮೇಲೆ. 2025ರಲ್ಲಿ ಬಹುಮಾನದ ಹಣ 100 ಕೋಟಿ ಡಾಲರ್. ಯುರೋಪಿನ ಜನ ಸಂಜೆ ಕೂತು ನೋಡಲಿ ಅಂತ ಅಮೆರಿಕದ ಸುಡು ಮಧ್ಯಾಹ್ನದಲ್ಲಿ ಪಂದ್ಯಗಳು. ಆಟಗಾರರು ಬೆಂದು ಹೋದರು. ಅಷ್ಟು ದುಡ್ಡು ಸುರಿದ ಮೇಲೂ ಬ್ರೆಜಿಲ್‌ನ ಬೊಟಫೋಗೊ ಪ್ಯಾರಿಸ್ ತಂಡವನ್ನು ಸೋಲಿಸಿತು, ಫ್ಲಾಮೆಂಗೊ ಚೆಲ್ಸಿಗೆ ಮೂರು ಗೋಲು ಹೊಡೆಯಿತು, ಸೌದಿಯ ಅಲ್ ಹಿಲಾಲ್ ಮ್ಯಾಂಚೆಸ್ಟರ್ ಸಿಟಿಯನ್ನು ಮನೆಗೆ ಕಳಿಸಿತು. ಬೇರೆ ಕೆಲಸ ಮಾಡಿಕೊಂಡೇ ಆಡುವ ಆಕ್ಲೆಂಡ್ ಹುಡುಗರು ಬಯರ್ನ್ ಎದುರು 10-0ರಿಂದ ಸೋತದ್ದು ಮಾತ್ರ ಎಲ್ಲ ಕಡೆ ದೊಡ್ಡ ಅಕ್ಷರದಲ್ಲಿ ಬಂತು. ಅವರೇ ಅರ್ಜೆಂಟೀನಾದ ಬೋಕಾ ಜೂನಿಯರ್ಸ್ ಜೊತೆ 1-1 ಮಾಡಿಕೊಂಡರು. ಅದನ್ನು ನೋಡಿದಿರಾ? ಮುಂದಿನ ಪತ್ರದಲ್ಲಿ ಬರೆಯಿರಿ.