"ತಲೆ ಓಡಲ್ಲ ಮೇಡಂ": ಐಸಿಯು ತರಬೇತಿಯ ಒಂದು ಪ್ರಕರಣ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಆಕೆಗೆ 23 ವರ್ಷ. ಹಾವೇರಿ ಕಡೆಯ ಹುಡುಗಿ, ಪಿಯುಸಿವರೆಗೂ ಕನ್ನಡ ಮಾಧ್ಯಮ, ಆಮೇಲೆ ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಐಸಿಯು ತರಬೇತಿ ಶುರುವಾಗಿ ಮೂರು ವಾರ ಆಗಿತ್ತು. ಸಲಹೆ ಕೇಳಲು ನನ್ನ ಹತ್ತಿರ ಬಂದು ಕೂತವಳೇ ಹೇಳಿದಳು: "ನನ್ನ ತಲೆ ಓಡಲ್ಲ ಮೇಡಂ. ಬಿಟ್ಟು ಊರಿಗೆ ಹೋಗ್ತೀನಿ."

ನಿದ್ದೆ, ಊಟ, ಮನೆ ಎಲ್ಲ ವಿಚಾರಿಸಿದೆ. ಕ್ಲಾಸಿನ ಹಿಂದಿನ ರಾತ್ರಿ ಮಾತ್ರ ನಿದ್ದೆ ಬರುತ್ತಿರಲಿಲ್ಲ. ರಜೆಯ ದಿನ ಆರಾಮಾಗಿ ಇರುತ್ತಿದ್ದಳು. ಸುಮ್ನೆ ಧೈರ್ಯ ಹೇಳಿ ಕಳಿಸಲು ಮನಸ್ಸಾಗಲಿಲ್ಲ. ಭಾರ ಎಲ್ಲಿ ಬೀಳ್ತಿದೆ ಅಂತ ಅಳೆದು ನೋಡೋಣ ಅಂದೆ.

ಅದಕ್ಕೆ ನಾಸಾ-ಟಿಎಲ್‌ಎಕ್ಸ್ ಎಂಬ ಅಳತೆಪಟ್ಟಿ ಇದೆ. 1988ರಲ್ಲಿ ಪ್ರಕಟವಾದದ್ದು. ತಲೆಗೆ ಎಷ್ಟು ಕೆಲಸ, ಮೈಗೆ ಎಷ್ಟು ಕೆಲಸ, ಸಮಯದ ಒತ್ತಡ ಎಷ್ಟು, ಕೆಲಸ ಎಷ್ಟು ಚೆನ್ನಾಗಿ ಆಯ್ತು, ಎಷ್ಟು ಕಷ್ಟಪಡಬೇಕಾಯ್ತು, ಎಷ್ಟು ಕಿರಿಕಿರಿ ಆಯ್ತು: ಈ ಆರು ಪ್ರಶ್ನೆಗೆ 0ಯಿಂದ 100ರೊಳಗೆ ಗುರುತು ಹಾಕಬೇಕು. ಇದು ರೋಗ ಪತ್ತೆಯ ಪರೀಕ್ಷೆಯಲ್ಲ. ಪ್ರತಿ ಕ್ಲಾಸು, ಡ್ಯೂಟಿ ಮುಗಿದ ಕೂಡಲೇ, ಮರೆಯುವ ಮೊದಲು ತುಂಬು ಅಂದೆ.

ಎರಡು ವಾರದ ಹಾಳೆಗಳನ್ನು ಮೇಜಿನ ಮೇಲೆ ಹರಡಿದೆವು. ಬೆಡ್ ಪಕ್ಕ ನಿಂತು ಕಲಿತ ದಿನ ತಲೆಯ ಕೆಲಸ 70 ಇದ್ದರೂ ಕಿರಿಕಿರಿ 20. ಇನ್‌ಫ್ಯೂಷನ್ ಪಂಪ್ (ರಕ್ತನಾಳಕ್ಕೆ ಔಷಧಿಯನ್ನು ಅಳತೆ ಪ್ರಕಾರ ಹರಿಸುವ ಯಂತ್ರ) ಕ್ಲಾಸಿನ ದಿನ ಕಿರಿಕಿರಿ 95. ಅವತ್ತು ಏನಾಯ್ತು? ಸ್ಲೈಡ್ ಗೋಡೆಯ ಮೇಲೆ, ಇಂಗ್ಲಿಷಿನಲ್ಲಿ. ಪಂಪು ಹಿಂದುಗಡೆ. "ತಿರುಗಿ ಬಟನ್ ಹುಡುಕೋಷ್ಟರಲ್ಲಿ ಸ್ಲೈಡ್ ಹೋಗಿರುತ್ತೆ ಮೇಡಂ."

ಹೊಸ ವಿಷಯವಾದರೆ ಯಾರ ತಲೆಯೂ ಒಂದೇ ಸಲಕ್ಕೆ ನಾಲ್ಕೈದಕ್ಕಿಂತ ಜಾಸ್ತಿ ಹಿಡಿದಿಟ್ಟುಕೊಳ್ಳದು. ಆ ಜಾಗವೆಲ್ಲ ಅತ್ತಿತ್ತ ನೋಡುವುದಕ್ಕೇ ಖರ್ಚಾದರೆ ಕಲಿಯೋಕೆ ಏನು ಉಳಿಯುತ್ತೆ? ಮೂರು ವಾರ ಈ ಹುಡುಗಿ ತನ್ನನ್ನು ದಡ್ಡಿ ಅಂದುಕೊಂಡಿದ್ದಳು. ನನಗೆ ನಿಜಕ್ಕೂ ಸಂಕಟವಾಯಿತು.

ಅವಳಿಗೆ ಕೊಟ್ಟ ಸಲಹೆ: "ನೋಡಮ್ಮ, ಮೊದಲಿಗೆ ಪೂರ್ತಿ ಬಿಡಿಸಿಟ್ಟ ಲೆಕ್ಕ ಓದು." ನೋಟ್‌ಬುಕ್ಕಿನಲ್ಲಿ ಬರೆದೆವು. 500 ಎಂಎಲ್ ಡ್ರಿಪ್, 4 ಗಂಟೆಯಲ್ಲಿ ಹೋಗಬೇಕು, ಎಂಎಲ್‌ಗೆ 20 ಹನಿ ಬೀಳುವ ಸೆಟ್ (ಡ್ರಿಪ್ ನಳಿಕೆ). 500ನ್ನು 20ರಿಂದ ಗುಣಿಸಿ 240 ನಿಮಿಷಕ್ಕೆ ಭಾಗಿಸಿದರೆ ನಿಮಿಷಕ್ಕೆ ಸುಮಾರು 42 ಹನಿ. ಮುಂದಿನ ಲೆಕ್ಕದಲ್ಲಿ ಕೊನೇ ಹೆಜ್ಜೆ ಖಾಲಿ. ಅದರ ಮುಂದಿನದರಲ್ಲಿ ಎರಡು ಹೆಜ್ಜೆ ಖಾಲಿ. ಹೀಗೆ ಆಸರೆಯನ್ನು ಒಂದೊಂದಾಗಿ ಬಿಡುತ್ತಾ ಹೋಗಬೇಕು.

ಅವಳ ಒಪ್ಪಿಗೆ ಪಡೆದು ತರಬೇತಿ ನೋಡಿಕೊಳ್ಳುವ ಸಿಸ್ಟರ್ ಜೊತೆಗೂ ಮಾತಾಡಿದೆ. ಸ್ಲೈಡಿನಲ್ಲಿರುವ ಹೆಜ್ಜೆಗಳನ್ನು ಚೀಟಿ ಮಾಡಿ, ಕನ್ನಡದಲ್ಲಿ, ತರಬೇತಿ ಪಂಪಿನ ಬಟನ್ ಪಕ್ಕವೇ ಅಂಟಿಸಿ ಅಂದೆ. ಆಕೆ ಒಪ್ಪಿದರು. ಹಳಬರಿಗೆ ಮಾತ್ರ ಆ ಚೀಟಿ ಬೇಡ, ಗೊತ್ತಿರುವುದನ್ನೇ ಓದಿಸಿದರೆ ಅವರಿಗೆ ಅದೇ ಹೊರೆ ಆಗುತ್ತೆ ಅಂತಲೂ ಹೇಳಿದೆ.

ಮೂರನೇ ಭೇಟಿಯಲ್ಲಿ ಪಂಪ್ ಕ್ಲಾಸಿನ ಕಿರಿಕಿರಿ 35ಕ್ಕೆ ಇಳಿದಿತ್ತು. ಊರಿಗೆ ಹೋಗುವ ಮಾತು ಬರಲಿಲ್ಲ. ಆದರೆ ನೈಟ್ ಡ್ಯೂಟಿಯ ಹಾಳೆಗಳಲ್ಲಿ ಸಮಯದ ಒತ್ತಡ ಇನ್ನೂ 80ರ ಮೇಲೇ ಇತ್ತು. ತರಬೇತಿಯಲ್ಲಿರುವವಳಿಗೆ ಒಬ್ಬಳೇ ಮೂರು ಬೆಡ್ ನೋಡು ಅಂದಿದ್ದರು. ಅದು ಚೀಟಿಯಿಂದ ಸರಿಹೋಗುವ ವಿಷಯವಲ್ಲ. ಆ ಹಾಳೆಗಳನ್ನು ಬೇರೆ ಮಾಡಿ ಪಿನ್ ಹಾಕಿಕೊಟ್ಟೆ. ಸೋಮವಾರ ಅವನ್ನು ಹಿಡಿದು ನರ್ಸಿಂಗ್ ಸೂಪರಿಂಟೆಂಡೆಂಟ್ ಹತ್ತಿರ ಹೋಗುತ್ತೇನೆ ಅಂದಿದ್ದಾಳೆ.