ವಿಂಡೋಸ್ ಕಂಪ್ಯೂಟರುಗಳಲ್ಲಿ ಯಾವ ಬ್ರೌಸರಿನ ಯಾವ ವರ್ಷನ್ ಇದೆ ಎಂದು ಸ್ಕ್ರಿಪ್ಟ್ ಬರೆದು ತಿಳಿಯುವುದು ಹೇಗೆ?

ನೀವು ಕೇಳಿದ್ದು ಇಷ್ಟು: ಆಫೀಸಿನ 60 ವಿಂಡೋಸ್ ಕಂಪ್ಯೂಟರುಗಳಲ್ಲಿ ಯಾವ ಬ್ರೌಸರ್ ಇದೆ, ಯಾವ ವರ್ಷನ್ ಇದೆ ಎಂದು ಸ್ಕ್ರಿಪ್ಟ್ ಓಡಿಸಿ ಪಟ್ಟಿ ಮಾಡಬೇಕು. ಆದರೆ ಕ್ರೋಮ್‌ಗೆ ಕಮಾಂಡ್ ಲೈನ್‌ನಲ್ಲಿ ‘ವರ್ಷನ್’ ಆಯ್ಕೆ ಕೊಟ್ಟರೆ ನಂಬರ್ ಬರುವ ಬದಲು ಬ್ರೌಸರ್ ಕಿಟಕಿಯೇ ತೆರೆದುಕೊಳ್ಳುತ್ತಿದೆ.

ನಿಮ್ಮ ಕಮಾಂಡಿನಲ್ಲಿ ತಪ್ಪಿಲ್ಲ. ಲಿನಕ್ಸ್‌ನಲ್ಲಿ ಇದೇ ಆಯ್ಕೆ ಕೊಟ್ಟರೆ ಒಂದು ಸಾಲಿನಲ್ಲಿ ವರ್ಷನ್ ತೋರಿಸಿ ಸುಮ್ಮನಾಗುತ್ತದೆ, ವಿಂಡೋಸ್‌ನ ಕ್ರೋಮ್ ಹಾಗೆ ಮಾಡುವುದಿಲ್ಲ. ಹಾಗಾಗಿ ಬ್ರೌಸರನ್ನು ಓಡಿಸಿ ಕೇಳುವ ದಾರಿಯನ್ನೇ ಬಿಟ್ಟುಬಿಡಿ. ಬ್ರೌಸರನ್ನು ಓಡಿಸುವ ಇಎಕ್ಸ್‌ಇ ಫೈಲಿನೊಳಗೇ ಅದರ ವರ್ಷನ್ ಬರೆದಿರುತ್ತದೆ. ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ಗೆ ಹೋಗಿ ಡೀಟೇಲ್ಸ್ ನೋಡಿದರೆ ಕಾಣುವುದು ಅದೇ. ವಿಂಡೋಸ್ ಜೊತೆಗೇ ಬರುವ ಸ್ಕ್ರಿಪ್ಟ್ ಸಾಧನವಾದ ಪವರ್‌ಶೆಲ್‌ನಲ್ಲಿ ಗೆಟ್-ಐಟಮ್ ಕಮಾಂಡಿಗೆ ಆ ಫೈಲಿನ ಪಾತ್ ಕೊಟ್ಟು, ಸಿಕ್ಕಿದ್ದರ ವರ್ಷನ್‌ಇನ್ಫೋ ಒಳಗಿನ ಪ್ರಾಡಕ್ಟ್‌ವರ್ಷನ್ ತೆಗೆದುಕೊಳ್ಳಿ. ಒಂದೇ ಸಾಲಿನ ಕೆಲಸ, ಯಾವ ಕಿಟಕಿಯೂ ತೆರೆಯುವುದಿಲ್ಲ, ಕೆಲಸ ಮಾಡುತ್ತಿರುವವರಿಗೆ ಗೊತ್ತೂ ಆಗುವುದಿಲ್ಲ.

ಫೈಲ್ ಎಲ್ಲಿದೆ ಎಂದು ಹುಡುಕುವುದೇ ನಿಜವಾದ ಕೆಲಸ. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ರಿಜಿಸ್ಟ್ರಿಯಲ್ಲಿ ಲೋಕಲ್ ಮಷೀನ್ ಭಾಗದ ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್, ಕರೆಂಟ್‌ವರ್ಷನ್ ಕೆಳಗೆ ‘ಆ್ಯಪ್ ಪಾತ್ಸ್’ ಎಂಬ ಕೀ ಇದೆ. ಅದರೊಳಗೆ ಕ್ರೋಮ್, ಫೈರ್‌ಫಾಕ್ಸ್, ಎಡ್ಜ್‌ಗಳ ಇಎಕ್ಸ್‌ಇ ಹೆಸರಿನಲ್ಲೇ ಒಂದೊಂದು ಕೀ ಇರುತ್ತದೆ, ಅದರ ಡೀಫಾಲ್ಟ್ ಮೌಲ್ಯವೇ ಪೂರ್ತಿ ಪಾತ್. ಪ್ರೋಗ್ರಾಮ್ ಫೈಲ್ಸ್ ಫೋಲ್ಡರಿನ ಪಾತನ್ನು ಸ್ಕ್ರಿಪ್ಟಿನಲ್ಲಿ ಕೈಯಾರೆ ಬರೆದಿಡುವುದಕ್ಕಿಂತ ಇದು ಎಷ್ಟೋ ವಾಸಿ. ಯಾಕೆಂದರೆ 64 ಬಿಟ್ ವಿಂಡೋಸ್‌ನಲ್ಲಿ ಅಂಥ ಫೋಲ್ಡರ್ ಎರಡಿವೆ. ಎಡ್ಜ್ ಇರುವುದು 32 ಬಿಟ್ ಪ್ರೋಗ್ರಾಮುಗಳ ಫೋಲ್ಡರಿನಲ್ಲಿ, ಕ್ರೋಮ್ ಎರಡರಲ್ಲಿ ಎಲ್ಲಿ ಬೇಕಾದರೂ ಇರಬಹುದು.

ಇಲ್ಲಿಗೆ ನಿಲ್ಲಿಸಿದರೆ ನಿಮ್ಮ ಪಟ್ಟಿ ನೋಡಲು ಪೂರ್ತಿಯಾಗಿ ಕಾಣುತ್ತದೆ, ಆದರೆ ತಪ್ಪಾಗಿರುತ್ತದೆ. ನಾನು ಎಡವಿದ್ದು ಇಲ್ಲೇ, ಅದಕ್ಕೇ ಬಿಡಿಸಿ ಹೇಳುತ್ತೇನೆ. ನಾನು ಇದೇ ಸ್ಕ್ರಿಪ್ಟನ್ನು ರಿಮೋಟ್ ಆಗಿ ಎಲ್ಲ ಯಂತ್ರಗಳಲ್ಲೂ ಓಡಿಸಿದೆ. 11 ಯಂತ್ರಗಳ ಮುಂದೆ ‘ಕ್ರೋಮ್ ಇಲ್ಲ’ ಎಂದು ಬಂತು, ನಂಬಿದೆ. ವಾರದ ನಂತರ ಬೇರೆ ಯಾವುದೋ ಕೆಲಸಕ್ಕೆ ಆ 11ರಲ್ಲಿ ಒಂದು ಯಂತ್ರದ ಮುಂದೆ ಕೂತಾಗ ಟಾಸ್ಕ್‌ಬಾರಿನಲ್ಲಿ ಕ್ರೋಮ್ ಐಕಾನ್ ಕಣ್ಣಿಗೆ ಬಿತ್ತು. ಶಾರ್ಟ್‌ಕಟ್ಟಿನ ಪ್ರಾಪರ್ಟೀಸ್ ತೆರೆದೆ. ಪಾತ್ ಸಿ ಡ್ರೈವ್, ಯೂಸರ್ಸ್, ಆ ಉದ್ಯೋಗಿಯ ಹೆಸರು, ಆ್ಯಪ್‌ಡೇಟಾ, ಲೋಕಲ್, ಗೂಗಲ್, ಕ್ರೋಮ್ ಎಂದು ಹೋಗುತ್ತಿತ್ತು. ಅಡ್ಮಿನ್ ಅನುಮತಿ ಇಲ್ಲದವರು ಇನ್‌ಸ್ಟಾಲ್ ಮಾಡಿಕೊಂಡರೆ ಕ್ರೋಮ್ ಹೋಗಿ ಕೂರುವುದು ಅಲ್ಲೇ. ಫೈರ್‌ಫಾಕ್ಸ್ ಕೂಡ ಹಾಗೆಯೇ ಅವರವರ ಪ್ರೊಫೈಲಿನೊಳಗೆ ಇಳಿಯಬಲ್ಲದು.

ಇಂಥ ಇನ್‌ಸ್ಟಾಲ್‌ಗಳ ದಾಖಲೆ ಇರುವುದು ರಿಜಿಸ್ಟ್ರಿಯ ಕರೆಂಟ್ ಯೂಸರ್ ಭಾಗದಲ್ಲಿ. ‘ಸರಿ, ಅದನ್ನೂ ಓದಿದರಾಯಿತು’ ಅನ್ನಿಸುತ್ತದೆ. ನಾನೂ ಓದಿದೆ, ಏನೂ ಸಿಗಲಿಲ್ಲ. ಸ್ಕ್ರಿಪ್ಟ್ ಓಡುತ್ತಿದ್ದದ್ದು ವಿಂಡೋಸ್‌ನದೇ ಆದ ಸಿಸ್ಟಮ್ ಖಾತೆಯಲ್ಲಿ, ಹಾಗಾಗಿ ಅದಕ್ಕೆ ‘ಕರೆಂಟ್ ಯೂಸರ್’ ಎಂದರೆ ಸಿಸ್ಟಮ್ ಖಾತೆಯೇ ಹೊರತು ಕುರ್ಚಿಯಲ್ಲಿ ಕೂತವರಲ್ಲ. ರಿಜಿಸ್ಟ್ರಿಯ ಹೆಚ್‌ಕೀ ಯೂಸರ್ಸ್ ಅಡಿಯಲ್ಲಿ ಒಬ್ಬೊಬ್ಬರ ಭಾಗವನ್ನೂ ಜಾಲಾಡಬಹುದು, ಆದರೆ ಲಾಗಿನ್ ಆಗಿಲ್ಲದವರ ಭಾಗ ಅಲ್ಲಿ ಲೋಡ್ ಆಗಿರುವುದೇ ಇಲ್ಲ. ಕೊನೆಗೆ ನಾನು ನೆಚ್ಚಿಕೊಂಡಿದ್ದು ಸರಳ ದಾರಿಯನ್ನು: ಯೂಸರ್ಸ್ ಫೋಲ್ಡರಿನೊಳಗಿನ ಪ್ರತಿ ಪ್ರೊಫೈಲಿಗೂ ಹೋಗಿ, ಆ್ಯಪ್‌ಡೇಟಾ ಲೋಕಲ್ ಒಳಗೆ ಈ ಬ್ರೌಸರುಗಳ ಇಎಕ್ಸ್‌ಇ ಇದೆಯೇ ಎಂದು ನೋಡಿ, ಇದ್ದರೆ ಅದರ ವರ್ಷನ್ ಓದುವುದು. ಆ 11ರಲ್ಲಿ 9 ಯಂತ್ರಗಳಲ್ಲಿ ಕ್ರೋಮ್ ಸಿಕ್ಕಿತು. ಎರಡರಲ್ಲಿ ಇದ್ದದ್ದು ತೀರಾ ಹಳೆಯ ವರ್ಷನ್. ಭದ್ರತೆಯ ದೃಷ್ಟಿಯಿಂದ ನಾನು ಹುಡುಕಲು ಹೊರಟಿದ್ದೇ ಅಂಥವನ್ನು.

ಕ್ರೋಮ್‌ನ ಫೋಲ್ಡರಿನಲ್ಲಿ ಇನ್ನೊಂದು ವಿಷಯ ಗಮನಿಸಿ. ಬ್ರೌಸರ್ ತೆರೆದಿರುವಾಗಲೇ ಅಪ್‌ಡೇಟ್ ಬಂದರೆ ಹೊಸ ಇಎಕ್ಸ್‌ಇ ‘ನ್ಯೂ ಅಂಡರ್‌ಸ್ಕೋರ್ ಕ್ರೋಮ್’ ಎಂಬ ಹೆಸರಿನಲ್ಲಿ ಹಳೆಯದರ ಪಕ್ಕದಲ್ಲೇ ಕಾದಿರುತ್ತದೆ. ಬ್ರೌಸರ್ ಮುಚ್ಚಿ ತೆರೆದಾಗಲೇ ಅದು ಜಾಗಕ್ಕೆ ಬರುವುದು. ಈ ಫೈಲ್ ಕಂಡರೆ ಪಟ್ಟಿಯಲ್ಲಿ ಬೇರೆ ಕಾಲಂ ಮಾಡಿ ಗುರುತು ಹಾಕಿ. ಅಂಥವರಿಗೆ ‘ಒಮ್ಮೆ ಮುಚ್ಚಿ ತೆರೆಯಿರಿ’ ಎಂದರೆ ಸಾಕು, ಮತ್ತೆ ಇನ್‌ಸ್ಟಾಲ್ ಮಾಡುವ ತಾಪತ್ರಯ ಬೇಡ.

ವಿಂಡೋಸ್ ತನ್ನ ಬಗ್ಗೆ ಮಾಹಿತಿ ಕೊಡುವ ಡಬ್ಲ್ಯುಎಂಐ ವ್ಯವಸ್ಥೆಯ ವಿನ್32 ಪ್ರಾಡಕ್ಟ್ ಎಂಬ ಕ್ಲಾಸ್ ಬಳಸಿ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಬೇಡ. ಅದು ಎಂಎಸ್‌ಐ ಎಂಬ ಇನ್‌ಸ್ಟಾಲರ್ ಪ್ಯಾಕೇಜ್ ಮೂಲಕ ಬಂದ ಸಾಫ್ಟ್‌ವೇರನ್ನು ಮಾತ್ರ ತೋರಿಸುತ್ತದೆ. ಸಾಲದ್ದಕ್ಕೆ, ಕೇಳಿದಾಗಲೆಲ್ಲ ಪ್ರತಿ ಪ್ಯಾಕೇಜನ್ನೂ ಸರಿಯಿದೆಯೇ ಎಂದು ಪರಿಶೀಲಿಸಲು ಹೊರಡುತ್ತದೆ, ರಿಪೇರಿಗೂ ಕೈ ಹಾಕಬಹುದು. ಬರೀ ಎಣಿಸಲು ಹೋದವರು ಇದ್ದದ್ದನ್ನು ಅಲುಗಾಡಿಸಬಾರದು. ವೆಬ್ ಪುಟದಲ್ಲಿ ಜಾವಾಸ್ಕ್ರಿಪ್ಟ್ ಹಾಕಿ ಯೂಸರ್ ಏಜೆಂಟ್ (ಬ್ರೌಸರ್ ತನ್ನ ಪರಿಚಯ ಹೇಳಿಕೊಳ್ಳುವ ಸಾಲು) ಓದುವುದೂ ಇಲ್ಲಿ ಪ್ರಯೋಜನಕ್ಕೆ ಬಾರದು. ಪುಟಕ್ಕೆ ಗೊತ್ತಾಗುವುದು ತನ್ನನ್ನು ತೆರೆದ ಬ್ರೌಸರ್ ಒಂದೇ, ಅದರಲ್ಲೂ ಕ್ರೋಮ್ 101ರಿಂದ ಈಚೆಗೆ ಅಲ್ಲಿ ಮುಖ್ಯ ಸಂಖ್ಯೆಯ ಮುಂದೆ ಬರೀ ಸೊನ್ನೆಗಳಿರುತ್ತವೆ.

ಇಂಟರ್ನೆಟ್ ಎಕ್ಸ್‌ಪ್ಲೋರರ್ ಉಳಿದಿರುವ ಹಳೆಯ ಯಂತ್ರಗಳಿದ್ದರೆ ಒಂದು ಎಚ್ಚರಿಕೆ: ಅದರ ರಿಜಿಸ್ಟ್ರಿ ಕೀಯಲ್ಲಿ ‘ವರ್ಷನ್’ ಎಂಬ ಮೌಲ್ಯ ಎಕ್ಸ್‌ಪ್ಲೋರರ್ 11ರಲ್ಲೂ 9 ಎಂದೇ ಶುರುವಾಗುತ್ತದೆ. ನಿಜವಾದ ಸಂಖ್ಯೆ ಇರುವುದು ‘ಎಸ್‌ವಿಸಿವರ್ಷನ್’ನಲ್ಲಿ.

ಸಂಖ್ಯೆಗಳೆಲ್ಲ ಕೈಗೆ ಬಂದ ಮೇಲೆ ಹೋಲಿಸುವಾಗ ಅವನ್ನು ಪಠ್ಯವಾಗಿ ಹೋಲಿಸಬೇಡಿ. ಪಠ್ಯದ ಲೆಕ್ಕದಲ್ಲಿ ‘100’ ಎಂಬುದು ‘99’ಕ್ಕಿಂತ ಚಿಕ್ಕದು, ಏಕೆಂದರೆ ಮೊದಲ ಅಕ್ಷರ 1. 2022ರಲ್ಲಿ ಕ್ರೋಮ್, ಫೈರ್‌ಫಾಕ್ಸ್ ಎರಡೂ 100 ಮುಟ್ಟಿದವು, ಹಾಗಾಗಿ ಇದು ಬರೀ ಪುಸ್ತಕದ ಉದಾಹರಣೆಯಲ್ಲ. ಪವರ್‌ಶೆಲ್‌ನಲ್ಲಿ ವರ್ಷನ್ ಎಂಬ ಟೈಪ್ ಇದೆ, ಅದಕ್ಕೆ ಬದಲಿಸಿಕೊಂಡು ಹೋಲಿಸಿ. ಕ್ರೋಮ್‌ನ ನಾಲ್ಕೂ ಭಾಗಗಳನ್ನು ಇಟ್ಟುಕೊಳ್ಳಿ, ಭದ್ರತಾ ತಿದ್ದುಪಡಿ ಎಷ್ಟೋ ಸಲ ಕೊನೆಯ ಭಾಗದಲ್ಲಷ್ಟೇ ಕಾಣುತ್ತದೆ. ಫೈರ್‌ಫಾಕ್ಸ್‌ನಲ್ಲಿ ಇಎಸ್‌ಆರ್ ಎಂಬ ದೀರ್ಘಾವಧಿ ಶಾಖೆಯೂ ಇದೆ. ಮಾಮೂಲಿ ಫೈರ್‌ಫಾಕ್ಸ್ 130 ದಾಟಿದ ಮೇಲೂ 128ರ ಇಎಸ್‌ಆರ್‌ಗೆ ತಿದ್ದುಪಡಿಗಳು ಬರುತ್ತಿದ್ದವು. ಸಂಖ್ಯೆ ಚಿಕ್ಕದೆಂದು ಅದನ್ನು ‘ಹಳೆಯದು’ ಎಂದು ಗುರುತಿಸಿದರೆ ತಪ್ಪಾಗುತ್ತದೆ. ಯಾವ ಶಾಖೆ ಎಂಬುದು ಫೈರ್‌ಫಾಕ್ಸ್ ಫೋಲ್ಡರಿನ ‘ಚಾನೆಲ್-ಪ್ರೆಫ್ಸ್’ ಫೈಲಿನಲ್ಲಿರುತ್ತದೆ.

ಕೊನೆಯದಾಗಿ, ಸ್ಕ್ರಿಪ್ಟಿನಲ್ಲಿ ‘ಇಲ್ಲ’ ಮತ್ತು ‘ನೋಡಲಾಗಲಿಲ್ಲ’ ಎಂಬ ಎರಡು ಉತ್ತರಗಳನ್ನು ಬೇರೆಬೇರೆ ಇಡಿ. ಅನುಮತಿ ಸಿಗದೆ ಫೋಲ್ಡರ್ ತೆರೆಯದಿದ್ದರೆ ಅದು ‘ಇಲ್ಲ’ ಆಗಬಾರದು. 60 ಯಂತ್ರಗಳಿಗೆ ಹೋಗುವ ಮುಂಚೆ, ಅಡ್ಮಿನ್ ಅಲ್ಲದ ಖಾತೆಯಿಂದ ಒಂದು ಯಂತ್ರದಲ್ಲಿ ಕ್ರೋಮ್ ಇನ್‌ಸ್ಟಾಲ್ ಮಾಡಿ, ಲಾಗೌಟ್ ಆಗಿ, ಸ್ಕ್ರಿಪ್ಟನ್ನು ಸಿಸ್ಟಮ್ ಖಾತೆಯಲ್ಲಿ ಓಡಿಸಿ ನೋಡಿ. ಆ ಕ್ರೋಮ್ ಪಟ್ಟಿಯಲ್ಲಿ ಬಂದರೆ ಮುಂದುವರಿಯಿರಿ. ಬರದಿದ್ದರೆ ಸ್ಕ್ರಿಪ್ಟಿನ ಆ ಭಾಗವನ್ನು ಇಲ್ಲಿ ಹಾಕಿ, ಕೂತು ನೋಡೋಣ.